ಸ್ಟಾರ್ಟರ್ ಆಗಿದ್ದ ಮಗನನ್ನು ಬುಲ್‌ಪೆನ್‌ಗೆ ಕಳಿಸಿದ್ದಾರೆ, ಶಾಲೆ ಬದಲಿಸಬೇಕೇ?

ನಿಮ್ಮ ಪ್ರಶ್ನೆಯಲ್ಲಿ ನ್ಯೂಜೆರ್ಸಿ ಎಂದಿರುವ ಕಡೆ ಕ್ಯಾಲಿಫೋರ್ನಿಯಾ ಎಂದು ತಿದ್ದಿದರೆ, ಇದು 2006ರಲ್ಲಿ ನನ್ನ ಅಪ್ಪ ಕಂಡಕಂಡವರನ್ನೆಲ್ಲ ಕೇಳುತ್ತಿದ್ದ ಪ್ರಶ್ನೆ. ಹದಿನಾರು ವರ್ಷದ ಮಗ, ಬೇಸ್‌ಬಾಲ್‌ನಲ್ಲಿ ಎರಡು ವರ್ಷ ಸ್ಟಾರ್ಟರ್, ಅಂದರೆ ಪಂದ್ಯದ ಮೊದಲ ಚೆಂಡು ಎಸೆಯುವ ಪಿಚರ್ ಆಗಿದ್ದವನು, ಈಗ ಇದ್ದಕ್ಕಿದ್ದಂತೆ ರಿಲೀವರ್, ಅಂದರೆ ಬೇಲಿಯ ಪಕ್ಕದ ಬುಲ್‌ಪೆನ್‌ನಲ್ಲಿ ಕಾದು ನಡುವೆ ಬದಲಿಯಾಗಿ ಎಸೆಯುವವನು. ಇದು ಹಿಂಬಡ್ತಿಯೇ, ಶಾಲೆ ಬದಲಿಸಬೇಕೇ, ಇಲ್ಲವೇ ಆಟ ಬಿಡಿಸಿ ಓದಿಗೆ ಕೂರಿಸಬೇಕೇ ಎಂದು ಕೇಳಿದ್ದೀರಿ. ಆ ಹುಡುಗ ನಾನೇ ಆಗಿದ್ದೆ. ಆದ್ದರಿಂದ ಉತ್ತರ ಉದ್ದವಾಗುತ್ತದೆ, ಕ್ಷಮಿಸಿ.

ನಾವು ದಾವಣಗೆರೆಯಿಂದ ಇಲ್ಲಿಗೆ ಬಂದದ್ದು 1999ರಲ್ಲಿ. ನನಗೆ ಹತ್ತು ವರ್ಷ. ಗಲ್ಲಿ ಕ್ರಿಕೆಟ್‌ನಲ್ಲಿ ವೇಗದ ಬೌಲರ್ ಎಂಬ ಜಂಬ ಹೊತ್ತು ಬಂದವನು ಬೇಸ್‌ಬಾಲ್ ಮೈದಾನದಲ್ಲಿ ಓಡಿ ಬಂದು ಕೈ ನೆಟ್ಟಗಿಟ್ಟು ಎಸೆದಾಗ ಎಲ್ಲರೂ ನಕ್ಕರು. ಇಲ್ಲಿ ಓಟವಿಲ್ಲ, ಮೌಂಡ್ ಎಂಬ ಮಣ್ಣಿನ ದಿಬ್ಬದ ಮೇಲಿನ ರಬ್ಬರ್ ಪಟ್ಟಿಗೆ ಕಾಲು ಕೊಟ್ಟು, 60 ಅಡಿ 6 ಇಂಚು ದೂರದಲ್ಲಿ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿಗೆ ಎಸೆಯಬೇಕು. ಮೊಣಕೈ ಮಡಚಿದರೆ ನೋಬಾಲ್ ಎಂದು ಕಲಿತಿದ್ದ ನನಗೆ ಮೊಣಕೈ ಮಡಚದಿದ್ದರೆ ಎಸೆತವೇ ಇಲ್ಲ ಎಂದು ಕಲಿಸಿದರು. ಆ ಮೊಣಕೈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೈಸ್ಕೂಲಿನಲ್ಲಿ ಗಂಟೆಗೆ 84 ಮೈಲಿ ವೇಗ, ಒಂದು ಒಳ್ಳೆಯ ಸ್ಲೈಡರ್ (ಕೊನೆಯಲ್ಲಿ ಪಕ್ಕಕ್ಕೆ ಜಾರುವ ಎಸೆತ), ಮೂರನೆಯ ಬಗೆಯ ಎಸೆತ ಎಂಬುದು ಹೆಸರಿಗೆ ಮಾತ್ರ. ಎದುರಾಳಿಗಳು ಎರಡನೆಯ ಸುತ್ತು ಬ್ಯಾಟಿಂಗ್‌ಗೆ ಬಂದಾಗ ನನ್ನನ್ನು ಓದಿಬಿಡುತ್ತಿದ್ದರು. ಕೋಚ್ ಅದನ್ನು ನೋಡಿಯೇ ಬುಲ್‌ಪೆನ್‌ಗೆ ಕಳಿಸಿದ್ದು. ಹದಿನೈದು ಇಪ್ಪತ್ತು ಚೆಂಡು ಮಾತ್ರ ಎಸೆಯಬೇಕು ಎಂದಾದಾಗ ಶಕ್ತಿ ಉಳಿಸಿಕೊಳ್ಳುವ ಯೋಚನೆ ಹೋಯಿತು, ವೇಗ 87ಕ್ಕೆ ಏರಿತು. ಆದರೆ ಮನೆಯಲ್ಲಿ ಸೂತಕದ ವಾತಾವರಣ. ಅಜ್ಜಿ ಬುಲ್‌ಪೆನ್ ಎಂದರೇನು ಎಂದು ಕೇಳಿದರು, "ಗೂಳಿದೊಡ್ಡಿ" ಎಂದೆ. "ಅಲ್ಲಿ ಯಾಕಪ್ಪಾ ನಿನ್ನನ್ನು ಕಟ್ಟಿದರು?" ಎಂದರು. ಅಪ್ಪನ ದೂರು ಬೇರೆ: "ಮೂರು ಗಂಟೆ ಬೇಲಿಯ ಪಕ್ಕ ಕೂತು ಹತ್ತು ನಿಮಿಷ ಆಡುವುದೂ ಒಂದು ಆಟವೇ?"

ನಿಮ್ಮ ಮೊದಲ ಪ್ರಶ್ನೆಗೆ ಇಲ್ಲೇ ಹೇಳಿಬಿಡುತ್ತೇನೆ. ಹಿಂಬಡ್ತಿ ಎಂಬ ಮಾತೇ ತಪ್ಪು. ಮರಿಯಾನೊ ರಿವೆರಾ 1995ರಲ್ಲಿ ಯಾಂಕೀಸ್‌ಗೆ ಬಂದಾಗ 10 ಪಂದ್ಯ ಸ್ಟಾರ್ಟರ್ ಆಗಿ ಆಡಿದ್ದರು, ಹೆಚ್ಚೇನೂ ಸಾಧಿಸಲಿಲ್ಲ. ನಂತರ ಬುಲ್‌ಪೆನ್‌ಗೆ ಹೋಗಿ 652 ಸೇವ್ ಮಾಡಿದರು. ಗೆಲುವಿನ ಸಣ್ಣ ಅಂತರವನ್ನು ಕೊನೆಯವರೆಗೆ ಕಾಯ್ದುಕೊಟ್ಟ ಪಿಚರ್‌ಗೆ ಸಿಗುವ ಅಂಕವೇ ಸೇವ್. ಡೆನಿಸ್ ಎಕರ್ಸ್ಲಿ 1977ರಲ್ಲಿ ಸ್ಟಾರ್ಟರ್ ಆಗಿ ಒಂದೂ ಹಿಟ್ ಕೊಡದ ಪಂದ್ಯ ಎಸೆದವರು; ಹತ್ತು ವರ್ಷದ ನಂತರ ಓಕ್ಲೆಂಡ್ ಅವರನ್ನು ಬುಲ್‌ಪೆನ್‌ನಲ್ಲಿ ಕೂರಿಸಿತು. 1988ರ ವರ್ಲ್ಡ್ ಸೀರೀಸ್‌ನ (ಋತುವಿನ ಅಂತಿಮ ಸರಣಿ) ಮೊದಲ ಪಂದ್ಯದಲ್ಲಿ, ಎರಡೂ ಕಾಲು ಕುಂಟುತ್ತಿದ್ದ ಎದುರಾಳಿ ಬ್ಯಾಟರ್ ಕರ್ಕ್ ಗಿಬ್ಸನ್ ಎಕರ್ಸ್ಲಿಯ ಎಸೆತವನ್ನು ಬೇಲಿಯಾಚೆ ಹೊಡೆದು ಪಂದ್ಯವನ್ನೇ ಮುಗಿಸಿದರು. ಅದೇ ಎಕರ್ಸ್ಲಿ 1992ರಲ್ಲಿ 51 ಸೇವ್ ಮಾಡಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಎರಡನ್ನೂ ಮನೆಗೆ ಒಯ್ದರು.

ಆದರೆ ನಿಮ್ಮ ಮಗ ರಿವೆರಾ ಆಗುವುದಿಲ್ಲ. ನಾನೂ ಆಗಲಿಲ್ಲ. ಹಾಗಾಗಿ ಆ ಹೆಸರುಗಳನ್ನು ಅವನ ಮುಂದೆ ಹೇಳುತ್ತಾ ಕೂರಬೇಡಿ.

ಈಗ ನನ್ನ ತಪ್ಪಿನ ವಿಷಯ.

2009ರ ವಸಂತದಲ್ಲಿ ನಾನು ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿದ್ದೆ. ಆ ವೇಳೆಗೆ ವೇಗ 91 ಮೈಲಿ, ಅಂದರೆ ಸುಮಾರು 146 ಕಿಲೋಮೀಟರ್. ನಾಲ್ಕು ವರ್ಷದ ಕಾಲೇಜುಗಳ ಕೋಚ್‌ಗಳು ರೇಡಾರ್ ಗನ್ ಹಿಡಿದು ಬಂದು ನೋಡುತ್ತಿದ್ದರು. ಗುರುವಾರದಿಂದ ಶನಿವಾರದವರೆಗೆ ಒಂದು ಟೂರ್ನಮೆಂಟ್. ರಿಲೀವರ್‌ನ ಕೆಲಸ ಹೇಗೆಂದರೆ, ಮೈದಾನದಲ್ಲಿ ಸ್ಟಾರ್ಟರ್ ತಡವರಿಸಿದ ಕೂಡಲೇ ನಿಮಗೆ ಸನ್ನೆ ಬರುತ್ತದೆ, ಎದ್ದು ಬುಲ್‌ಪೆನ್ ಕ್ಯಾಚರ್‌ಗೆ ಎಸೆಯಲು ಶುರು ಮಾಡುತ್ತೀರಿ. ಸ್ಟಾರ್ಟರ್ ಸುಧಾರಿಸಿಕೊಂಡರೆ ಕೂರುತ್ತೀರಿ. ಎರಡು ಇನ್ನಿಂಗ್ ಬಿಟ್ಟು (ಇಲ್ಲಿ ಪಂದ್ಯಕ್ಕೆ ಒಂಬತ್ತು ಇನ್ನಿಂಗ್) ಮತ್ತೆ ಏಳುತ್ತೀರಿ. ಪ್ರತಿ ಸಲವೂ ಪೂರ್ತಿ ಬಿಸಿಯಾಗಬೇಕು, ಏಕೆಂದರೆ ಕೋಚ್ ಯಾವ ಕ್ಷಣದಲ್ಲಾದರೂ ಕರೆಯಬಹುದು. ಮದುವೆ ಮನೆಯಲ್ಲಿ ಎಲೆ ಹಾಕಿ ಕೂರಿಸಿ, ಬಡಿಸದೆ ಎಬ್ಬಿಸಿದ ಹಾಗೆ.

ಆ ಗುರುವಾರ ಎರಡನೆಯ ಇನ್ನಿಂಗ್‌ನಲ್ಲಿ ಎದ್ದು 20, ಐದನೆಯದರಲ್ಲಿ 15, ಏಳನೆಯದರಲ್ಲಿ 25 ಚೆಂಡು ಎಸೆದೆ. ಮೈದಾನಕ್ಕೆ ಕರೆಯಲೇ ಇಲ್ಲ. ಶುಕ್ರವಾರ ನಾಲ್ಕನೆಯ ಇನ್ನಿಂಗ್‌ನಲ್ಲಿ 20, ಎಂಟನೆಯದರಲ್ಲಿ 20, ಆಮೇಲೆ ಕರೆ ಬಂತು. ಮೌಂಡಿನ ಮೇಲೆ ಅಭ್ಯಾಸಕ್ಕೆ 8, ನಿಜವಾದ ಆಟದಲ್ಲಿ 9. ಇಬ್ಬರು ಬ್ಯಾಟರ್‌ಗಳೂ ಔಟ್. ರಾತ್ರಿ ಮೊಣಕೈಯ ಒಳಬದಿಯಲ್ಲಿ ಸಣ್ಣ ನೋವು, ಉಂಗುರದ ಬೆರಳು ಮತ್ತು ಕಿರುಬೆರಳಿನಲ್ಲಿ ಜುಮ್ಮೆನ್ನುವಿಕೆ. ಐಸ್ ಕಟ್ಟಿ ಮಲಗಿದೆ. ಶನಿವಾರ ಬೆಳಿಗ್ಗೆ ಕೋಚ್ ಬಂದು, "ನಿನ್ನೆ ಒಂಬತ್ತೇ ಚೆಂಡು ತಾನೇ? ಇವತ್ತು ಆಗುತ್ತದೆಯೇ?" ಎಂದರು.

"ಆಗುತ್ತದೆ" ಎಂದೆ. ಅದೊಂದೇ ತಪ್ಪು. ಇಷ್ಟು ವರ್ಷಗಳಲ್ಲಿ ಆ ಒಂದು ಮಾತನ್ನು ಎಷ್ಟು ಸಲ ಬಿಡಿಸಿ ನೋಡಿದ್ದೇನೆ ಎಂದರೆ ಅದರ ಒಂದೊಂದು ಎಳೆಯೂ ನನಗೆ ಗೊತ್ತು. ನಾನು ಸುಳ್ಳು ಹೇಳಲಿಲ್ಲ. ಕೋಚ್ ಹೇಳಿದ ಒಂಬತ್ತು ನಿಜ, ಸ್ಕೋರ್ ಪುಸ್ತಕದಲ್ಲಿ ಇದ್ದದ್ದೂ ಒಂಬತ್ತೇ. ಬುಲ್‌ಪೆನ್‌ನಲ್ಲಿ ಎಸೆದದ್ದನ್ನು ಯಾರೂ ಬರೆದಿಡುವುದಿಲ್ಲ. ನಾನೂ ಬರೆದಿಟ್ಟಿರಲಿಲ್ಲ, ಮೇಲಿನ ಲೆಕ್ಕವನ್ನು ಆಸ್ಪತ್ರೆಯಿಂದ ಬಂದ ಮೇಲೆ ನಮ್ಮ ಬುಲ್‌ಪೆನ್ ಕ್ಯಾಚರ್ ಜೊತೆ ಕೂತು ನೆನಪು ಮಾಡಿಕೊಂಡು ಕಟ್ಟಿದ್ದು. ಶನಿವಾರ ಮೂರನೆಯ ಇನ್ನಿಂಗ್‌ನಲ್ಲಿ 15, ಆರನೆಯದರಲ್ಲಿ 20, ಎಂಟನೆಯದರಲ್ಲಿ 10, ಮೌಂಡಿನ ಮೇಲೆ 8, ಆಟದಲ್ಲಿ 11. ಹನ್ನೊಂದನೆಯದು ಸ್ಲೈಡರ್. ಒದ್ದೆ ಕಟ್ಟಿಗೆ ಮುರಿದಂಥ ಸದ್ದು ನನಗೆ ಕೇಳಿಸಿತು, ಕ್ಯಾಚರ್‌ಗೆ ಕೇಳಿಸಲಿಲ್ಲವಂತೆ. ಚೆಂಡು ಬ್ಯಾಟರ್‌ನ ತಲೆಯ ಮೇಲಿಂದ ಹಾರಿ ಹೋಯಿತು.

ಸ್ಕೋರ್ ಪುಸ್ತಕದ ಪ್ರಕಾರ ಮೂರು ದಿನಕ್ಕೆ 20 ಚೆಂಡು. ನನ್ನ ತೋಳಿನ ಪ್ರಕಾರ 181.

ಕೋಚ್‌ರನ್ನು ದೂರುವುದು ಸುಲಭ, ಅಪ್ಪ ಹಲವು ವರ್ಷ ಅದನ್ನೇ ಮಾಡಿದರು. ನಾನು ಬಾಯಿ ಬಿಟ್ಟು "ನಿನ್ನೆ ಮೊನ್ನೆ ಸೇರಿ ಐದು ಸಲ ಎದ್ದಿದ್ದೇನೆ, ಬೆರಳು ಜುಮ್ಮೆನ್ನುತ್ತಿದೆ" ಎಂದಿದ್ದರೆ ಅವರು ನನ್ನನ್ನು ಕೂರಿಸುತ್ತಿದ್ದರು ಎಂದೇ ಇವತ್ತಿಗೂ ನಂಬಿದ್ದೇನೆ. ಹೇಳಲಿಲ್ಲ ಏಕೆ? ನಮ್ಮ ಮನೆಯ ಫ್ರಿಜ್ ಮೇಲೆ ಅಪ್ಪ ಪ್ರಿಂಟ್ ತೆಗೆದು ಅಂಟಿಸಿದ್ದ ಒಂದು ಚಿತ್ರ ಇತ್ತು: 2002, ಆಂಟಿಗುವಾ, ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡ ಅನಿಲ್ ಕುಂಬ್ಳೆ. ಆ ಸ್ಥಿತಿಯಲ್ಲಿ 14 ಓವರ್ ಎಸೆದು ಬ್ರಯಾನ್ ಲಾರಾ ವಿಕೆಟ್ ತೆಗೆದರು. ನಿಮ್ಮ ಮನೆಯಲ್ಲೂ ಈ ಕಥೆ ಹೇಳಿರುತ್ತೀರಿ, ಯಾವ ಕನ್ನಡಿಗರ ಮನೆಯಲ್ಲಿ ಹೇಳಿಲ್ಲ? ನೋವು ನುಂಗುವವನೇ ಗಂಡು ಎಂದು ನನ್ನ ತಲೆಯಲ್ಲಿ ಕೂತದ್ದು ಅಲ್ಲಿಂದಲೇ. ಅಪ್ಪ ಹೇಳದೆ ಬಿಟ್ಟ ಭಾಗ ಇದು: ದವಡೆಯಿಂದ ಯಾರೂ ಬೌಲ್ ಮಾಡುವುದಿಲ್ಲ. ಆಂಟಿಗುವಾ ಟೆಸ್ಟ್‌ಗಿಂತ ಮುಂಚೆ ಭುಜಕ್ಕೆ ಶಸ್ತ್ರಚಿಕಿತ್ಸೆಯಾದಾಗ ಅದೇ ಕುಂಬ್ಳೆ, ಇಡೀ ದೇಶ ಕಣ್ಣು ಬಿಟ್ಟು ನೋಡಿದ 2001ರ ಆಸ್ಟ್ರೇಲಿಯಾ ಸರಣಿಯನ್ನೇ ಆಡಲಿಲ್ಲ. ಆ ವಿಶ್ರಾಂತಿಯ ಚಿತ್ರವನ್ನು ಯಾರೂ ಫ್ರಿಜ್ ಮೇಲೆ ಅಂಟಿಸುವುದಿಲ್ಲ.

ಮೊಣಕೈಯ ಒಳಬದಿಯ ಅಸ್ಥಿರಜ್ಜು ಹರಿದಿತ್ತು. ಅದಕ್ಕೆ ಮಾಡುವುದು ಟಾಮಿ ಜಾನ್ ಶಸ್ತ್ರಚಿಕಿತ್ಸೆ. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ, ಅವರು ಅದಾದ ಮೇಲೆ 1989ರವರೆಗೂ ಆಡಿದರು. ಹೆಬ್ಬೆರಳು ಕಿರುಬೆರಳು ಜೋಡಿಸಿ ಮಣಿಕಟ್ಟು ಸ್ವಲ್ಪ ಬಗ್ಗಿಸಿ ನೋಡಿ, ನಡುವೆ ಒಂದು ತಂತಿ ಎದ್ದು ನಿಲ್ಲುತ್ತದೆ. ಅದನ್ನು ತೆಗೆದು ಮೊಣಕೈಯ ಮೂಳೆಯಲ್ಲಿ ರಂಧ್ರ ಕೊರೆದು ಪೋಣಿಸುತ್ತಾರೆ. ಕೆಲವರಿಗೆ ಆ ತಂತಿ ಹುಟ್ಟಿನಿಂದಲೇ ಇರುವುದಿಲ್ಲ. ನನಗೆ ಇತ್ತು.

ನಾಲ್ಕು ತಿಂಗಳು ಚೆಂಡು ಮುಟ್ಟಲಿಲ್ಲ. ಆಮೇಲೆ ಪಾರ್ಕಿನಲ್ಲಿ ಮೂವತ್ತು ಅಡಿಯಿಂದ ಮೆಲ್ಲಗೆ ಎಸೆಯುವುದು, ಇಷ್ಟು ಎಂದರೆ ಇಷ್ಟೇ. ಅಪ್ಪ ಕೆಲಸಕ್ಕೆ ಹೋಗುತ್ತಿದ್ದರು, ಲೆಕ್ಕ ಇಡಲು ಬರುತ್ತಿದ್ದವರು ಅಜ್ಜಿ. ಸ್ವೆಟರ್ ಹಾಕಿಕೊಂಡು ಬೆಂಚಿನ ಮೇಲೆ ಕೂತು, ಎಸೆತಕ್ಕೊಂದು ಜಪಮಣಿ ಸರಿಸುತ್ತಿದ್ದರು. ಇಪ್ಪತ್ತೈದಕ್ಕೆ "ಸಾಕು" ಎಂದರೆ ಸಾಕು. ಇನ್ನೆರಡು ಎಂದು ಬೇಡಿದರೂ ಒಪ್ಪುತ್ತಿರಲಿಲ್ಲ. ನನಗೆ ಸಿಕ್ಕ ಅತ್ಯುತ್ತಮ ಪಿಚಿಂಗ್ ಕೋಚ್ ಆಕೆ.

2011ರಲ್ಲಿ ನಾಲ್ಕು ವರ್ಷದ ಕಾಲೇಜೊಂದಕ್ಕೆ ಸೇರಿ ಮತ್ತೆ ಆಡಿದೆ. ಆ ವರ್ಷ ನನ್ನ ಜೀವನದ ಅತ್ಯುತ್ತಮ ಋತು, ಹೆಚ್ಚೇನೂ ಹೇಳುವುದಿಲ್ಲ, ಖುಷಿಯ ಕಥೆಗಳು ಓದುವವರಿಗೆ ಬೇಸರ. 2012ರಲ್ಲಿ ಯಾವ ದೊಡ್ಡ ತಂಡವೂ ಆಯ್ಕೆ ಮಾಡಲಿಲ್ಲ. ಬೇಸಿಗೆಯಲ್ಲಿ ಒಂದು ಸ್ವತಂತ್ರ ಲೀಗಿನ ತಂಡಕ್ಕೆ ಸೇರಿದೆ. ಸಂಬಳ ಊಟಕ್ಕೂ ಸಾಲದು, ವಾಸ ಯಾರದೋ ಮನೆಯ ನೆಲಮಾಳಿಗೆಯಲ್ಲಿ, ರಾತ್ರಿಯೆಲ್ಲ ಬಸ್ಸು. ಒಂದು ತಿಂಗಳು ನನ್ನನ್ನು ಯಾರೂ ಮುಟ್ಟಲಾಗಲಿಲ್ಲ, ಕ್ಲೋಸರ್, ಅಂದರೆ ಪಂದ್ಯದ ಕೊನೆಯಲ್ಲಿ ಬಂದು ಗೆಲುವು ಕಾಯುವ ರಿಲೀವರ್ ಮಾಡಿದರು. ಮುಂದಿನ ಹತ್ತು ದಿನಗಳಲ್ಲಿ ಮೂರು ಗೆದ್ದ ಪಂದ್ಯಗಳನ್ನು ಸೋಲಿಸಿದೆ. ಮರುವರ್ಷ ಮೇ ತಿಂಗಳಲ್ಲಿ ವ್ಯವಸ್ಥಾಪಕರು ಕರೆದು ಕೈಕುಲುಕಿದರು. ಕೈಕುಲುಕಿದರೆ ಮುಗಿಯಿತು ಎಂದೇ ಅರ್ಥ.

ರಿಲೀವರ್‌ನ ಬದುಕು ಹೀಗೆಯೇ. ಬ್ರ್ಯಾಡ್ ಲಿಜ್ 2008ರಲ್ಲಿ ಫಿಲಡೆಲ್ಫಿಯಾಕ್ಕೆ ಆಡುತ್ತಾ ಪ್ಲೇಆಫ್ ಸೇರಿ 48ಕ್ಕೆ 48 ಸೇವ್ ಮಾಡಿದರು, ವರ್ಲ್ಡ್ ಸೀರೀಸ್‌ನ ಕೊನೆಯ ಎಸೆತವೂ ಅವರದೇ. ಮರುವರ್ಷ ಅದೇ ತೋಳು, ಅದೇ ಸ್ಲೈಡರ್, ಒಂದೂ ಗೆಲುವಿಲ್ಲ, ಎಂಟು ಸೋಲು. ಸ್ಟಾರ್ಟರ್‌ಗೆ ಮೊದಲ ಇನ್ನಿಂಗ್‌ನಲ್ಲಿ ಮಾಡಿದ ತಪ್ಪನ್ನು ತಿದ್ದಿಕೊಳ್ಳಲು ಐದು ಇನ್ನಿಂಗ್ ಇರುತ್ತದೆ. ರಿಲೀವರ್‌ನ ತಪ್ಪು ಪಂದ್ಯದ ಕೊನೆಯ ಸಾಲಾಗಿ ಅಚ್ಚಾಗುತ್ತದೆ. ನಿಮ್ಮ ಮಗನಿಗೆ ಆ ರಾತ್ರಿ ಊಟ ಮಾಡಿ ನಿದ್ದೆ ಮಾಡಲು ಬರುತ್ತದೆಯೇ? ಬಂದರೆ ಅವನಿಗೆ ಈ ಕೆಲಸ ಒಗ್ಗುತ್ತದೆ.

ಶಾಲೆ ಬದಲಿಸಬೇಡಿ. ಹೊಸ ಶಾಲೆಯ ಕೋಚ್‌ಗೂ ಅವನ ಮೂರನೆಯ ಎಸೆತ ಎಲ್ಲಿ ಎಂದೇ ಪ್ರಶ್ನೆ ಬರುತ್ತದೆ. ಆಟ ಬಿಡಿಸಿ ಓದಿಸುವ ವಿಚಾರ ನಮ್ಮವರ ಹಳೆಯ ಚಾಳಿ. ನಾನು ಎರಡೂ ಮಾಡಿದೆ, ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಈಗ ನೀರು ಸರಬರಾಜು ಇಲಾಖೆಯಲ್ಲಿದ್ದೇನೆ, ಶನಿವಾರ ಹುಡುಗರಿಗೆ ಪಿಚಿಂಗ್ ಹೇಳಿಕೊಡುತ್ತೇನೆ.

ನೀವು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿಲ್ಲ. ಹೈಸ್ಕೂಲುಗಳಲ್ಲಿ ಈಗ ದಿನಕ್ಕೆ ಇಷ್ಟೇ ಎಸೆತ, ಇಷ್ಟು ದಿನ ವಿಶ್ರಾಂತಿ ಎಂಬ ನಿಯಮವಿದೆ, ನಮ್ಮ ಕಾಲದಲ್ಲಿ ಅದಿರಲಿಲ್ಲ. ಆದರೆ ಆ ನಿಯಮ ಎಣಿಸುವುದು ಪಂದ್ಯದ ಎಸೆತಗಳನ್ನು. ಬುಲ್‌ಪೆನ್‌ನದು ಇವತ್ತಿಗೂ ಲೆಕ್ಕಕ್ಕಿಲ್ಲ. ಮುಂದಿನ ಪಂದ್ಯಕ್ಕೆ ಹೋದಾಗ ಮೌಂಡಿನ ಕಡೆ ನೋಡಬೇಡಿ, ಬೇಲಿಯ ಪಕ್ಕ ಅವನು ಕೂತಿರುವ ಕಡೆ ಕುರ್ಚಿ ಹಾಕಿಕೊಳ್ಳಿ. ಎಷ್ಟು ಸಲ ಎದ್ದ, ಪ್ರತಿ ಸಲ ಎಷ್ಟು ಎಸೆದ ಎಂದು ಬರೆದುಕೊಳ್ಳಿ. ಒಂದು ವಾರದ ಲೆಕ್ಕವನ್ನು ಇಲ್ಲಿ ಕಮೆಂಟಿನಲ್ಲಿ ಹಾಕಿ, ನಾನು ನೋಡಿ ಹೇಳುತ್ತೇನೆ. ಬೆರಳು ಜುಮ್ಮೆನ್ನುತ್ತದೆ ಎಂದು ಅವನು ಹೇಳಿದರೆ ಮಾತ್ರ ನನ್ನ ಉತ್ತರಕ್ಕೆ ಕಾಯಬೇಡಿ, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.