1,500 ರೂಪಾಯಿಯ ಹಳೆಯ ಗಿಟಾರ್ ಕೊಳ್ಳಲೇ, ಹೊಸದನ್ನೇ ತರಲೇ?

ಕಲಬುರಗಿಯಲ್ಲಿ ಪರಿಚಿತರೊಬ್ಬರು ಅಟ್ಟದ ಮೇಲಿದ್ದ ಹಳೆಯ ಗಿಟಾರನ್ನು 1,500 ರೂಪಾಯಿಗೆ ಕೊಡುತ್ತೇನೆ, ಹಳೆಯ ಮರದ ನಾದವೇ ಬೇರೆ ಎನ್ನುತ್ತಿದ್ದಾರೆ, ಅದನ್ನು ಕೊಳ್ಳಲೇ ಅಥವಾ 6,000 ಕೊಟ್ಟು ಹೊಸದು ತರಲೇ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಕಾಲೇಜು ದಿನಗಳು ಕಣ್ಣ ಮುಂದೆ ಬಂದವು.

ನನ್ನದು ಕೋಲ್ಕತ್ತದಲ್ಲಿ ತಯಾರಾದ ಗಿಟಾರ್. ಬೀದರ್‌ನ ಚರ್ಚೊಂದರ ಗಾಯನ ತಂಡದಲ್ಲಿ ನುಡಿಸುತ್ತಿದ್ದ ಹಿರಿಯರು ಊರು ಬಿಡುವಾಗ 1,200 ರೂಪಾಯಿಗೆ ಕೊಟ್ಟರು. ಅಂಚಿನ ಬಣ್ಣ ಹೋಗಿತ್ತು. ನೆಕ್‌ನ, ಅಂದರೆ ಗಿಟಾರ್‌ನ ಉದ್ದನೆಯ ಕತ್ತಿನ, ಹಿಂಬದಿಯಲ್ಲಿ ಅವರ ಹೆಬ್ಬೆರಳು ಊರುತ್ತಿದ್ದ ಜಾಗ ಸವೆದು ನುಣ್ಣಗಾಗಿತ್ತು. ನೆಕ್ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳಲ್ಲಿ ಮೊದಲ ಕೆಲವುಗಳ ಮೇಲೆ ತಂತಿ ಒತ್ತಿ ಒತ್ತಿ ಸಣ್ಣ ಗುಳಿಗಳು ಬಿದ್ದಿದ್ದವು. ಈಗ ಯಾರ ಮನೆಯಲ್ಲಿ ಹಳೆಯ ಗಿಟಾರ್ ಕಂಡರೂ ನಾನು ಮೊದಲು ಹುಡುಕುವುದು ಆ ಗುಳಿಗಳನ್ನೇ. ಅವು ಇದ್ದರೆ ಯಾರೋ ಅದನ್ನು ಇಷ್ಟಪಟ್ಟು ನುಡಿಸಿದ್ದಾರೆ ಎಂದರ್ಥ. ಫ್ರೆಟ್‌ಗಳು ಹೊಸದರಂತೆ ಹೊಳೆಯುತ್ತಿದ್ದರೆ ನನಗೆ ಅನುಮಾನ ಬರುತ್ತದೆ. ನುಡಿಸಲು ಬೆರಳು ನೋಯುತ್ತಿತ್ತೆಂದೇ ಅದು ಅಟ್ಟ ಸೇರಿರಬಹುದು.

ಆ ಗಿಟಾರ್‌ನ ದನಿ ಮೆತ್ತಗಿತ್ತು. ನನಗೋ ಇಡೀ ಓಣಿಗೆ ಕೇಳುವಂತೆ ನುಡಿಸುವ ಹುಮ್ಮಸ್ಸು. ತಂತಿ ದಪ್ಪವಾದಷ್ಟೂ ದನಿ ದೊಡ್ಡದು ಎಂದು ಯಾರೋ ಹೇಳಿದ್ದನ್ನು ನಂಬಿ ಹೈದರಾಬಾದಿನಿಂದ 12ರ ಸೆಟ್ ತಂದು ಕಟ್ಟಿದೆ. ನನಗೆ ದುಬಾರಿಯಾದದ್ದು ಇದೊಂದೇ ತಪ್ಪು. ನೀವೂ ಇದನ್ನೇ ಮಾಡುವ ಸಾಧ್ಯತೆ ಹೆಚ್ಚು, ಆದ್ದರಿಂದ ಬಿಡಿಸಿ ಹೇಳುತ್ತೇನೆ.

12ರ ಸೆಟ್ ಎಂದರೆ ಅದರ ಅತಿ ತೆಳುವಾದ ತಂತಿಯ ದಪ್ಪ ಇಂಚಿನ ಸಾವಿರ ಭಾಗಗಳಲ್ಲಿ 12. ಹತ್ತರ ಸೆಟ್‌ನಲ್ಲಿ ಅದು 10. ಬೆರಳಲ್ಲಿ ಹಿಡಿದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ಉದ್ದವೂ ಶ್ರುತಿಯೂ ಒಂದೇ ಇದ್ದಾಗ ಸೆಳೆತ ಏರುವುದು ದಪ್ಪದ ವರ್ಗಕ್ಕೆ ತಕ್ಕಂತೆ. ಹೀಗಾಗಿ ಆ ಒಂದು ತಂತಿಯಲ್ಲೇ ಶೇ 44ರಷ್ಟು ಸೆಳೆತ ಹೆಚ್ಚುತ್ತದೆ. ಆರೂ ತಂತಿ ಸೇರಿದರೆ 12ರ ಸೆಟ್ 70 ಕಿಲೋಗೂ ಮಿಕ್ಕಿ ಎಳೆಯುತ್ತದೆ: ಒಬ್ಬ ಗಟ್ಟಿಮುಟ್ಟಾದ ಆಳು ಹಗಲು ರಾತ್ರಿ ಹಲಗೆಯ ಮೇಲೆ ತಂತಿಗಳನ್ನು ಹಿಡಿದಿಡುವ ಆ ಪುಟ್ಟ ಬ್ರಿಡ್ಜ್‌ಗೆ ಜೋತುಬಿದ್ದಂತೆ. ತಂತಿ ಹಾಯುವುದು ಮೇಲು ಹಲಗೆಗಿಂತ ಎತ್ತರದಲ್ಲಿ. ಆದ್ದರಿಂದ ಈ ಸೆಳೆತ ಬ್ರಿಡ್ಜನ್ನು ಮುಂದಕ್ಕೆ ಎಳೆಯುವುದರ ಜೊತೆಗೆ ಮುಂದಕ್ಕೆ ಮಗುಚಲೂ ನೋಡುತ್ತದೆ. ಬ್ರಿಡ್ಜ್‌ನ ಹಿಂಬದಿ ಮೇಲೇಳುತ್ತದೆ, ಅದರ ಹಿಂದಿನ ಹಲಗೆ ಉಬ್ಬುತ್ತದೆ, ಮುಂದಿನದು ಕುಸಿಯುತ್ತದೆ. ಒಳ್ಳೆಯ ಸ್ಟೀಲ್ ತಂತಿಯ ಗಿಟಾರ್‌ಗಳಲ್ಲಿ ಹಲಗೆಯ ಒಳಗೆ ಎಕ್ಸ್ ಆಕಾರದಲ್ಲಿ ಪಟ್ಟಿಗಳನ್ನು ಅಂಟಿಸಿ ಈ ಒತ್ತಡ ತಡೆಯುತ್ತಾರೆ. ನನ್ನದರಲ್ಲಿ ಏಣಿಯ ಮೆಟ್ಟಿಲಿನಂತೆ ಬರೀ ಅಡ್ಡಪಟ್ಟಿಗಳಿದ್ದವು. ಅಗ್ಗದ ಹಳೆಯ ಗಿಟಾರ್‌ಗಳಲ್ಲಿ ಇದು ಸಾಮಾನ್ಯ, ಮತ್ತು ಅಡ್ಡಪಟ್ಟಿಗಳು ಉದ್ದುದ್ದದ ಸೆಳೆತಕ್ಕೆ ಅಷ್ಟಾಗಿ ಅಡ್ಡ ಬರುವುದಿಲ್ಲ.

ಇದರ ಮೇಲೆ ನಮ್ಮೂರಿನ ಬೇಸಿಗೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ನನ್ನ ಕೋಣೆಗೆ ತಗಡಿನ ಚಾವಣಿ. ಸೇಡಂನಲ್ಲಿ ನೆಂಟರ ಮದುವೆಯೆಂದು ಹೊರಟಾಗ ಗಿಟಾರನ್ನು ಪೂರ್ತಿ ಶ್ರುತಿಯಲ್ಲಿಯೇ ಗೋಡೆಗೆ ಒರಗಿಸಿ ಹೋದೆ. ಮರಳಿ ಬಂದು ನೋಡಿದರೆ ಬ್ರಿಡ್ಜ್‌ನ ಹಿಂಬದಿ ಎದ್ದು ನಿಂತಿತ್ತು. 12ನೇ ಫ್ರೆಟ್‌ನಲ್ಲಿ ತಂತಿಯ ಕೆಳಗೆ ಕಿರುಬೆರಳು ತೂರುತ್ತಿತ್ತು.

ಬಿಳಿ ಅಂಟು ಹಚ್ಚಿ ಒತ್ತಿದೆ, ನಿಲ್ಲಲಿಲ್ಲ. ಆ ಅಂಟು ಬಿಸಿಗೆ ಮೆತ್ತಗಾಗುತ್ತದೆ, ಸೆಳೆತ ಒಂದೇ ಸಮನೆ ಇದ್ದರೆ ಮೆಲ್ಲಗೆ ಜಾರುತ್ತದೆ. ಕೊನೆಗೆ ಸೂಪರ್ ಮಾರ್ಕೆಟ್ ಬಳಿ ಹಾರ್ಮೋನಿಯಂ ದುರಸ್ತಿ ಮಾಡುತ್ತಿದ್ದ ಹಿರಿಯರೊಬ್ಬರ ಬಳಿ ಒಯ್ದೆ. ಊರಿನವರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಅವರು ಹಲಗೆಯ ಮೇಲೆ ಅಂಗೈ ಸವರಿ, ‘ಈ ತಂತಿ ಕಟ್ಟಿದವರು ಯಾರು ಬೇಟಾ?’ ಎಂದಷ್ಟೇ ಕೇಳಿದರು. ಕಾಯಿಸಿದ ತೆಳು ಚಾಕುವನ್ನು ನಿಧಾನವಾಗಿ ತೂರಿಸಿ ಬ್ರಿಡ್ಜ್ ಬಿಡಿಸಿದರು. ಎರಡೂ ಕಡೆ ಹಳೆಯ ಅಂಟು, ನನ್ನ ಬಿಳಿ ಅಂಟು, ವಾರ್ನಿಷ್ ಎಲ್ಲವನ್ನೂ ಬರಿ ಮರ ಕಾಣುವವರೆಗೆ ಕೆರೆದರು. ಬಿಸಿ ಮರವಜ್ರ ಹಚ್ಚಿ ರಾತ್ರಿಯಿಡೀ ಕ್ಲ್ಯಾಂಪ್ ಬಿಗಿದಿಟ್ಟರು. ಆ ಬ್ರಿಡ್ಜ್ ಇಂದಿಗೂ ಅಲುಗಿಲ್ಲ. ಆದರೆ ಹಲಗೆಯ ಉಬ್ಬು ಪೂರ್ತಿ ಇಳಿಯಲಿಲ್ಲ, ದುರಸ್ತಿಗೆ ಗಿಟಾರ್ ಬೆಲೆಗಿಂತ ಹೆಚ್ಚು ಹೋಯಿತು, ಮೊದಲಿದ್ದ ಆ ಮೆತ್ತನೆಯ ಸುಖದ ದನಿ ಮರಳಲೇ ಇಲ್ಲ. ಅದಕ್ಕಾಗಿ ಈಗಲೂ ಮರುಗುತ್ತೇನೆ.

ಇನ್ನು ನಿಮ್ಮ ಪ್ರಶ್ನೆ. ಹಳೆಯದೋ ಹೊಸದೋ ಎಂದು ಕೇಳುವುದೇ ಸರಿಯಲ್ಲ. ಹಳೆಯ ಮರದ ನಾದ ಎಂಬ ಮಾತಿಗೆ 1,500 ರೂಪಾಯಿಯ ಗಿಟಾರ್‌ನಲ್ಲಿ ಕಿವಿಗೊಡಬೇಡಿ. ನಾದದ ರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮೇಲಿನ ಮರದ ಗೆರೆಗಳು ಹಲಗೆಯ ದಪ್ಪದುದ್ದಕ್ಕೂ ಇಳಿದಿದ್ದರೆ ಅದು ಇಡೀ ಮರ; ಪದರ ಪದರವಾಗಿ ಕಂಡರೆ ಪ್ಲೈವುಡ್. ಮರ ಹದಗೊಳ್ಳುವ ಮಾತೇನಿದ್ದರೂ ಇಡೀ ಮರಕ್ಕೆ ಸೇರಿದ್ದು. ನಾನಾದರೆ ಆಮೇಲೆ ನೆಕ್‌ನ ತುದಿಯಿಂದ ಕಣ್ಣು ಹಾಯಿಸಿ ಬಾಗಿದೆಯೇ ನೋಡುತ್ತೇನೆ, ಏಕೆಂದರೆ ಇಂತಹ ಎಷ್ಟೋ ಗಿಟಾರ್‌ಗಳಲ್ಲಿ ನೆಕ್ ಒಳಗೆ ತಿರುಗಿಸಿ ಸರಿಪಡಿಸುವ ಸರಳೇ ಇರುವುದಿಲ್ಲ. ಬ್ರಿಡ್ಜ್‌ನ ಹಿಂಬದಿಗೆ ಒಂದು ಕಾಗದದ ಚೂರು ತೂರಿಸಿ; ಒಳಗೆ ಹೋದರೆ ಅಂಟು ಬಿಟ್ಟಿದೆ. ಶಾಲೆಯ ಸ್ಕೇಲ್ ಹಿಡಿದು 12ನೇ ಫ್ರೆಟ್ ಮೇಲೆ ದಪ್ಪ ತಂತಿಯ ಎತ್ತರ ಅಳೆಯಿರಿ. 3 ಮಿಲಿಮೀಟರ್ ಒಳಗಿದ್ದರೆ ಕಣ್ಣು ಮುಚ್ಚಿ ಕೊಳ್ಳಿ. 4 ಇದ್ದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳು ಕೂರುವ ತೆಳು ಪಟ್ಟಿ) ತೆಗೆದು ಅದರ ಬುಡ ಉಜ್ಜಬೇಕಾಗುತ್ತದೆ. 12ನೇ ಫ್ರೆಟ್‌ನಲ್ಲಿ 1 ಮಿಲಿಮೀಟರ್ ಇಳಿಸಲು ಸ್ಯಾಡಲ್ 2 ಮಿಲಿಮೀಟರ್ ತಗ್ಗಬೇಕು, ಅಷ್ಟು ಉಳಿದಿದೆಯೇ ನೋಡಿಕೊಳ್ಳಿ. ತಂತಿಯ ಎತ್ತರ 4ಕ್ಕೂ ಹೆಚ್ಚಿದ್ದರೆ ಕಲಿಯುವವರ ಬೆರಳಿಗೆ ಅದು ಶಿಕ್ಷೆ. ಮಡಿಲಲ್ಲಿ ಮಲಗಿಸಿ ಸ್ಟೀಲ್ ಸರಳು ಜಾರಿಸಿ ನುಡಿಸುವ ಆಸೆಯಿದ್ದರೆ ಮಾತ್ರ ತನ್ನಿ. ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ ಗಿಟಾರ್‌ನಲ್ಲಿ ಹಿಂದೂಸ್ತಾನಿ ನುಡಿಸಿದ್ದು ಆ ರೀತಿಯಲ್ಲೇ, ಅಲ್ಲಿ ತಂತಿ ಎತ್ತರವಿರುವುದೇ ಒಳ್ಳೆಯದು. 6,000ದ ಹೊಸ ಗಿಟಾರ್ ಕೊಂಡರೂ ಅಂಗಡಿಯಲ್ಲಿ ಇವೇ ಪರೀಕ್ಷೆ ಮಾಡಿ.

ತಂದ ದಿನವೇ ಹತ್ತರ ಸೆಟ್ ಕಟ್ಟಿ, ಶ್ರುತಿಯನ್ನು ಅರ್ಧ ಸ್ವರ ಇಳಿಸಿ. ಅಷ್ಟಕ್ಕೇ ಸೆಳೆತ ಶೇ 11ರಷ್ಟು ತಗ್ಗುತ್ತದೆ. ಹಾಡಿಗೆ ಮೂಲ ಶ್ರುತಿ ಬೇಕಾದರೆ ಮೊದಲ ಫ್ರೆಟ್‌ಗೆ ಕೇಪೋ (ಆರೂ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿಕೊಳ್ಳಿ. ಬೇಸಿಗೆಯಲ್ಲಿ ಶಹಾಬಾದ್ ಕಲ್ಲು ಹಾಸಿದ ತಣ್ಣನೆಯ ನಡುಮನೆಯಲ್ಲಿ ಪೆಟ್ಟಿಗೆಯೊಳಗಿಡಿ. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜ್ ಇಟ್ಟು ಜೊತೆಗೆ ಸೇರಿಸಿ. ಊರಿಗೆ ಹೋಗುವ ಮುನ್ನ ಆರೂ ತಂತಿಗಳನ್ನು ಸಡಿಲಿಸಿ. ಮೃಗಶಿರಾ ಮಳೆ ಶುರುವಾದ ಮೇಲೆ ಸ್ಪಂಜ್ ತೆಗೆಯಿರಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.