ಓದುಗರು ಕೇಳಿದ್ದು: ಹಳೆಯ ಮಾಸಪತ್ರಿಕೆಗಳಲ್ಲಿ ವಿಮರ್ಶೆ ಎಲ್ಲಿದೆ?

ಪ್ರಶ್ನೆ: ಮನೆಯ ಕಪಾಟಿನಲ್ಲಿ 1890ರ ದಶಕದ ಕನ್ನಡ ಮಾಸಪತ್ರಿಕೆಗಳ ಕಟ್ಟು ಸಿಕ್ಕಿತು. ಬರೀ ಕಾವ್ಯಗಳೇ ಇವೆ. ಆಗ ವಿಮರ್ಶೆ ಬರೆಯುತ್ತಿರಲಿಲ್ಲವೇ?
– ಓದುಗರೊಬ್ಬರು, ಉಡುಪಿ

ಉತ್ತರ: ಬರೆಯುತ್ತಿದ್ದರು, ತಲೆಬರಹ ಹಾಕುತ್ತಿರಲಿಲ್ಲ ಅಷ್ಟೆ. ಮೊದಲು ಸಂಚಿಕೆಗಳ ಹೊರಹಾಳೆ ಉಳಿದಿದೆಯೇ ನೋಡಿ. ಸಂಪಾದಕರ ವಿಜ್ಞಾಪನೆ, ಬಂದ ಪುಸ್ತಕಗಳ ಬಗ್ಗೆ ನಾಲ್ಕು ಮಾತು, ಚಂದಾ ವಿವರ ಇರುತ್ತಿದ್ದುದು ಹೆಚ್ಚಾಗಿ ಅಲ್ಲಿಯೇ. ಬೈಂಡು ಮಾಡುವವರು ಅದನ್ನೇ ಕಿತ್ತೆಸೆಯುತ್ತಿದ್ದರು. ನಿಮಗೆ ವಿಮರ್ಶೆ ಕಾಣದಿರಲು ಅದೂ ಒಂದು ಕಾರಣ ಇರಬಹುದು. ಆಮೇಲೆ ಅಡಿಟಿಪ್ಪಣಿ ಓದಿ. ಎರಡು ಓಲೆಪ್ರತಿಗಳಲ್ಲಿ ಪಾಠ ಬೇರೆಯಾದಾಗ ಸಂಪಾದಕರು ಯಾವುದನ್ನು ಮೇಲೆ ಅಚ್ಚು ಹಾಕಿದರು, ಯಾವುದನ್ನು ಕೆಳಗಿಳಿಸಿದರು ಎಂಬುದರಲ್ಲೇ ಅವರ ಕಾವ್ಯದೃಷ್ಟಿ ಇದೆ.

ನಿಮ್ಮೂರಿನದೇ ಉದಾಹರಣೆ ಕೊಡಬಹುದು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆಯ ಮುದ್ದಣ ‘ಅದ್ಭುತ ರಾಮಾಯಣ’ವನ್ನು ತನ್ನದೆಂದು ಹೇಳದೆ, ಹಳೆಯ ಕೃತಿ ಎಂಬಂತೆ ಮೈಸೂರಿನ ‘ಕಾವ್ಯಮಂಜರಿ’ಗೆ ಕಳಿಸಿದರು, ಅಚ್ಚೂ ಆಯಿತು. ಹಳಗನ್ನಡದ ಹದ ಬಲ್ಲ ಸಂಪಾದಕರೇ ಒಪ್ಪಿದರೆಂದರೆ ಆ ಕಾಲದ ಅಳತೆಗೋಲು ಯಾವುದೆಂದು ತಿಳಿಯುತ್ತದೆ. ಮುದ್ದಣರದೇ ‘ಶ್ರೀರಾಮಾಶ್ವಮೇಧ’ದಲ್ಲಿ ಗಂಡನಿಂದ ಕಥೆ ಕೇಳುವ ಮನೋರಮೆ “ಪದ್ಯಂ ವಧ್ಯಂ, ಗದ್ಯಂ ಹೃದ್ಯಂ” (ಪದ್ಯ ಕೊಲ್ಲತಕ್ಕದ್ದು, ಗದ್ಯವೇ ಮನಸ್ಸಿಗೆ ಹಿತ) ಎಂದು ಕಥೆಯ ನಡುವೆಯೇ ತೀರ್ಪು ಕೊಡುತ್ತಾಳೆ. ನನ್ನ ಮಟ್ಟಿಗೆ ಅದು ಆ ದಶಕದ ಅತ್ಯಂತ ಚುರುಕಾದ ವಿಮರ್ಶೆ.

ಪ್ರಶ್ನೆ: ಸಂಚಿಕೆಯ ಮೇಲೆ ಇಸವಿ ಇಲ್ಲ, ‘ದುರ್ಮುಖಿ ಸಂವತ್ಸರದ ಮಾಘ’ ಎಂದಷ್ಟೇ ಇದೆ. ಲೆಕ್ಕ ಹೇಗೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ದುರ್ಮುಖಿ ಶುರುವಾದದ್ದು 1836, 1896, 1956ರಲ್ಲಿ. ನಿಮ್ಮದು ಅಚ್ಚುಮೊಳೆಯ ಮಾಸಪತ್ರಿಕೆಯಾದ್ದರಿಂದ 1836 ಬಿಡಿ. 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ಪತ್ರಿಕೆ, ಅದೂ ಕಲ್ಲಚ್ಚಿನದು. ಶಕವರ್ಷ 1818 ಎಂದೂ ಇದ್ದರೆ 1956 ಕೂಡ ಬಿಟ್ಟುಹೋಗುತ್ತದೆ, ಅನುಮಾನವೇ ಉಳಿಯದು. ಚೈತ್ರದಿಂದ ಕಾರ್ತಿಕದವರೆಗೆ ಶಕಕ್ಕೆ 78 ಕೂಡಿಸಿ. ಮಾಘ, ಫಾಲ್ಗುಣಕ್ಕೆ 79. ಹಾಗಿದ್ದರೆ ನಿಮ್ಮ ಸಂಚಿಕೆ 1897ರ ಆರಂಭದ್ದು, 1896ರದಲ್ಲ. ಮಾರ್ಗಶಿರ, ಪುಷ್ಯ ಎರಡು ಇಸವಿಗಳ ನಡುವೆ ಬೀಳಬಹುದು, ತಿಥಿ ಹಿಡಿದೇ ನೋಡಬೇಕು.

ನಮ್ಮ ಕರಾವಳಿ ಕಡೆಯವರು ಎಡವುವುದು ಇನ್ನೊಂದು ಕಡೆ. ಇಲ್ಲಿ ಸೌರಮಾನ, ಹೊಸ ವರ್ಷ ಏಪ್ರಿಲ್ ನಡುವಿನ ಬಿಸು ಹಬ್ಬಕ್ಕೆ. ಮೈಸೂರಿನ ಪತ್ರಿಕೆ ಚಾಂದ್ರಮಾನದ್ದು, ಯುಗಾದಿಗೇ ಸಂವತ್ಸರ ಬದಲಾಗುತ್ತದೆ. ಈ ನಡುವಿನ ದಿನಗಳ ಸಂಚಿಕೆಯನ್ನು ಊರಿನ ಪಂಚಾಂಗ ಹಿಡಿದು ಲೆಕ್ಕ ಹಾಕಿದರೆ ಒಂದು ವರ್ಷವೇ ತಪ್ಪುತ್ತದೆ.