ರಾಕೆಟ್ ಚಂದ್ರನ ಮೇಲೆ ಇಳಿಯುತ್ತಾ?

ಪ್ರಶ್ನೆ: ಮಗಳು ಐದನೇ ಕ್ಲಾಸು. ಚಂದ್ರ ಉಪಗ್ರಹ ಅಂತ ಪಾಠದಲ್ಲಿದೆ. ಇಸ್ರೋ ಹಾರಿಸುವುದೂ ಉಪಗ್ರಹವೇ. ಹಾಗಾದರೆ ರಾಕೆಟ್, ನೌಕೆ ಅಂದರೆ ಏನು ಅಂತ ಕೇಳುತ್ತಾಳೆ. ನಾನು ಎಲ್ಲದಕ್ಕೂ ರಾಕೆಟ್ ಅಂತಲೇ ಹೇಳುತ್ತಿದ್ದೆ. ತಿಳಿಸಿಕೊಡಿ.
– ಓದುಗರೊಬ್ಬರು, ಪೀಣ್ಯ

ಉತ್ತರ: ಈ ಪ್ರಶ್ನೆ ಪೀಣ್ಯದಿಂದಲೇ ಬಂದದ್ದು ನನಗೆ ತುಂಬ ಖುಷಿ. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ನಿಮ್ಮ ಪೀಣ್ಯದ ಶೆಡ್ಡುಗಳಲ್ಲೇ. ಆ ತಂಡದ ಮುಂದಾಳು ಉಡುಪಿ ಕಡೆಯ ಯು.ಆರ್. ರಾವ್. ಆದರೆ 1975ರ ಏಪ್ರಿಲ್ 19ರಂದು ಅದನ್ನು ಮೇಲಕ್ಕೆ ಹೊತ್ತೊಯ್ದದ್ದು ಸೋವಿಯತ್ ರಾಕೆಟ್. ಉಪಗ್ರಹ ನಮ್ಮದು, ರಾಕೆಟ್ ಅವರದು. ಎರಡೂ ಬೇರೆ ಬೇರೆ ಅಂತ ಮಗಳಿಗೆ ಇದರಿಂದಲೇ ಶುರು ಮಾಡಿ.

ರಾಕೆಟ್ ಅಂದರೆ ಮೆಜೆಸ್ಟಿಕ್‌ನಿಂದ ಏರ್‌ಪೋರ್ಟಿಗೆ ಹೋಗುವ ಬಸ್ಸಿನ ಹಾಗೆ. ಅಲ್ಲಿ ಇಳಿಸಿದರೆ ಅದರ ಕೆಲಸ ಮುಗಿಯಿತು. ಬಸ್ಸು ದುಬೈ ತಲುಪಿತು ಅಂತ ಯಾರೂ ಹೇಳಲ್ಲ, ಅಲ್ವಾ? 2023ರ ಜುಲೈ 14ರಂದು ಚಂದ್ರಯಾನ-3 ಹೊರಟಿತಲ್ಲ, ಆ ರಾಕೆಟ್ಟಿನ ಕೆಲಸ ಸುಮಾರು 16 ನಿಮಿಷ ಮಾತ್ರ. ಆಮೇಲಿನ ನಲವತ್ತು ದಿನದ ದಾರಿ ನೌಕೆಯದ್ದು. ನೌಕೆ ಅಂದರೆ ರಾಕೆಟ್ ಮೇಲಕ್ಕೆ ಒಯ್ದು ಬಿಟ್ಟ ಮೇಲೆ ಮುಂದೆ ಸಾಗುವ ವಾಹನ, ಏರ್‌ಪೋರ್ಟಿನಿಂದ ಹೊರಡುವ ವಿಮಾನದ ಹಾಗೆ. ಆಗಸ್ಟ್ 23ರ ಸಂಜೆ ನಾವು ಪಕ್ಕದ ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆವು. ‘ರಾಕೆಟ್ ಇಳೀತು!’ ಅಂತ ಮಕ್ಕಳು ಕುಣಿದರು. ನನ್ನ ಕಣ್ಣಲ್ಲೂ ನೀರು. ಆದರೂ ಅಲ್ಲೇ ಹೇಳಿದೆ: ಇಳಿದದ್ದು ವಿಕ್ರಂ ಲ್ಯಾಂಡರ್ ಕಣ್ರೋ. 28 ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು, ಸುಮ್ನೆ ಇರಲು ಆಗಲಿಲ್ಲ.

ನೌಕೆಯ ಭಾಗಗಳಿಗೂ ಬೇರೆ ಬೇರೆ ಹೆಸರು: ಲ್ಯಾಂಡರ್ ಇಳಿಯುವುದು, ರೋವರ್ ಅದರೊಳಗಿಂದ ಬಂದು ನೆಲದ ಮೇಲೆ ಓಡಾಡುವುದು. ಪ್ರಗ್ಯಾನ್ ರೋವರ್ ತೂಕ ಬರೀ 26 ಕೆಜಿ.

ಇನ್ನು ಉಪಗ್ರಹ. ಇದು ವಸ್ತುವಿನ ಹೆಸರಿಗಿಂತ ಜಾಸ್ತಿ ಕೆಲಸದ ಹೆಸರು. ಗ್ರಹವನ್ನು ಸುತ್ತುತ್ತಿದ್ದರೆ ಉಪಗ್ರಹ. ಸುತ್ತುವ ದಾರಿಗೆ ಕಕ್ಷೆ ಅನ್ನುತ್ತೇವೆ. ಚಂದ್ರ ಭೂಮಿಯನ್ನು ತಾನಾಗಿ ಸುತ್ತುತ್ತಾನೆ, ನಾವು ಮಾಡಿ ಕಳಿಸಿದ್ದಕ್ಕೆ ಕೃತಕ ಉಪಗ್ರಹ ಅನ್ನುತ್ತೇವೆ. ಆದ್ದರಿಂದ ಪಾಠವೂ ಸರಿ, ಪೇಪರಿನಲ್ಲಿ ಬರುವುದೂ ಸರಿ. ಈಗ ಮಗಳನ್ನು ನೀವೇ ಕೇಳಿ ನೋಡಿ: ಚಂದ್ರನ ನೆಲದಲ್ಲಿ ನಿಂತಿರುವ ವಿಕ್ರಂ ಉಪಗ್ರಹ ಹೌದೋ, ಅಲ್ಲವೋ? ಅವಳ ಉತ್ತರವನ್ನು ನನಗೆ ಬರೆದು ಕಳಿಸಿ.